ನಾರ್ವೆಗೆ ಹೊರಟಿದ್ದ ಮೂಗು

ಅಶ್ವಿತಾಳ ಬದುಕಿನ ಮೊಟ್ಟಮೊದಲ ಅಂತಾರಾಷ್ಟ್ರೀಯ ಇಂಟರ್‌ವ್ಯೂಗೆ ಅವಳಪ್ಪನೂ ಹಾಜರಾದರು, ಒದ್ದೆ ಟವೆಲ್ಲಿನಲ್ಲಿ.

ತಪ್ಪು ಅವರದ್ದಲ್ಲ. ಚೆನ್ನೈಯ ವೆಸ್ಟ್ ಮಾಂಬಲಂನ ನಮ್ಮ ಬೀದಿಯಲ್ಲಿ ಒಂದು ಹಳೆಯ ಉಡುಪಿ ಹೋಟೆಲಿದೆ. ಅದರ ತಾರಸಿಯ ಮೇಲೆ ಧಣಿಗಳು ಅಡಿಗೆಯವರಿಗೆಂದು ಕಟ್ಟಿಸಿಕೊಟ್ಟ ಒಂದೂವರೆ ಕೋಣೆಯೇ ಅವರ ಮನೆ. ಅರ್ಧ ಕೋಣೆಯಲ್ಲಿ ಒಲೆ, ಇಡೀ ಕೋಣೆಯಲ್ಲಿ ಉಳಿದ ಸಂಸಾರ. ಆ ಮನೆಗೆಲ್ಲ ಇರುವುದು ಒಂದೇ ಕನ್ನಡಿ. ಕನ್ನಡಿಯ ಕೆಳಗೆ ಮೇಜು, ಮೇಜಿನ ಮೇಲೆ ಆವತ್ತು ನನ್ನ ಲ್ಯಾಪ್‌ಟಾಪು, ಅದರೊಳಗೆ ನಾರ್ವೆ ದೇಶದ ಇಂಗ್ರಿಡ್ ಎಂಬ ಹೆಂಗಸು. ಸಮುದ್ರ ಬೆಟ್ಟದೊಳಕ್ಕೆ ನುಗ್ಗಿ ಬಂದಂಥ ಜಾಗದಲ್ಲಿರುವ ಒಂದು ಪುಟ್ಟ ಹೋಟೆಲಿಗೆ ಅವಳು ಹೆಡ್ ಶೆಫ್. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿಯ ಕೊನೆಯ ವರ್ಷದ ಹುಡುಗಿಯನ್ನು ಆರು ತಿಂಗಳ ಕೆಲಸದ ತರಬೇತಿಗೆ ಕರೆಸಿಕೊಳ್ಳಬೇಕೋ ಬೇಡವೋ ಎಂದು ಮಾತಾಡಿಸಿ ನೋಡುತ್ತಿದ್ದಳು. ಲ್ಯಾಪ್‌ಟಾಪಿನ ಒಡತಿಯೂ ಇಂಗ್ಲಿಷಿನ ಟ್ಯೂಷನ್ ಟೀಚರೂ ಆದ ನಾನು ಕ್ಯಾಮೆರಾಕ್ಕೆ ಸಿಗದ ಹಾಗೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆ.

"ಐದು ವರ್ಷದ ನಂತರ ನಿನ್ನನ್ನು ನೀನು ಎಲ್ಲಿ ಕಾಣುತ್ತೀ?" ಎಂದು ಇಂಗ್ರಿಡ್ ಕೇಳಿದಳು.

ಇದಕ್ಕೆ ನಾವಿಬ್ಬರೂ ಒಂದು ವಾರ ಕೂತು ಉತ್ತರ ರುಬ್ಬಿದ್ದೆವು. ಅದನ್ನು ಬಡಿಸಬೇಕು ಅನ್ನುವಷ್ಟರಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಸಂಜೆಯ ಟಿಫನ್ನಿಗೆ ಮುಂಚಿನ ಸ್ನಾನವನ್ನೂ ಮುಗಿಸಿ, ರಘುರಾಮ ಭಟ್ಟರು ಒಳಗೆ ಬಂದರು. ಮಗಳ ಬೆನ್ನ ಹಿಂದೆ ನಿಂತು, ಅವಳ ತಲೆಯ ಮೇಲಿಂದ ಕನ್ನಡಿ ನೋಡುತ್ತಾ, ಅಂಗೈಯಲ್ಲಿ ಗೋಪೀಚಂದನ ತೇಯ್ದು, ಕೇಶವ ಎಂದು ಹಣೆಗೆ, ನಾರಾಯಣ ಎಂದು ಹೊಟ್ಟೆಗೆ, ಮಾಧವ ಎಂದು ಎದೆಗೆ ನಾಮ ಎಳೆದುಕೊಳ್ಳತೊಡಗಿದರು. ಅಶ್ವಿತಾ ಐದು ವರ್ಷದ ನಂತರ ಎಲ್ಲಿ ಕಾಣುತ್ತಾಳೋ ಗೊತ್ತಿಲ್ಲ, ಆ ಕ್ಷಣಕ್ಕಂತೂ ಇಂಗ್ರಿಡ್‌ಗೆ ಕಂಡದ್ದು ಭಟ್ಟರ ಹೊಟ್ಟೆ.

"ಕ್ಷಮಿಸು, ಆ ಮಹನೀಯರು ಯಾರು? ಏನು ಬರೆದುಕೊಳ್ಳುತ್ತಿದ್ದಾರೆ?"

ಅಶ್ವಿತಾ ತಿರುಗಿ ನೋಡಿದಳು. ಕಿವಿ ಟೊಮ್ಯಾಟೊ ಆಯಿತು. "ನನ್ನ ಅಪ್ಪ, ಮೇಡಂ. ಅವರೂ ಶೆಫ್. ಅದು... ಅವರ ಯೂನಿಫಾರ್ಮ್."

"ಒಳ್ಳೆಯದು. ನಮ್ಮಲ್ಲಿ ಮೈಗೆ ಕೋಟನ್ನೂ ಕೊಡುತ್ತೇವೆ ಅಂತ ಅವರಿಗೆ ಹೇಳು."

"ಅಯ್ಯೋ ರಾಮಾ! ಇದು ಟೀವಿಯಲ್ಲಿ ಬರ್ತಾ ಉಂಟಾ?" ಎಂದು ಭಟ್ಟರು ಧಡಕ್ಕನೆ ಕೂತುಬಿಟ್ಟರು. ಮಾತುಕತೆ ಮುಗಿಯುವವರೆಗೂ ಮಗಳ ಕಾಲ ಬಳಿ ಮೇಜಿನಡಿಯೇ ಕೂತು, ಉಳಿದ ನಾಮಗಳನ್ನು ಅಂದಾಜಿನ ಮೇಲೆ ಹಾಕಿಕೊಂಡರು. ಇಂಗ್ರಿಡ್ ಕಣ್ಣೊರೆಸಿಕೊಂಡು ನಕ್ಕಳು. ಅದಾದ ಮೇಲೆ ಅವಳು ಕೇಳಿದ ಪ್ರಶ್ನೆಗಳೆಲ್ಲ ಅಪ್ಪನ ಅಡಿಗೆಮನೆಯ ಬಗ್ಗೆಯೇ. ನಾವು ರುಬ್ಬಿಟ್ಟ ಉತ್ತರ ಹುಳಿ ಬಂದು ಹೋಯಿತು. ಹುಡುಗಿ ಮಾತ್ರ ಸಲೀಸಾಗಿ ಮಾತಾಡಿದಳು.

ಅಶ್ವಿತಾ ಹುಟ್ಟಿದ್ದು ಚೆನ್ನೈಯಲ್ಲಿ, ಬೆಳೆದದ್ದು ಸಾಂಬಾರಿನ ಆವಿಯಲ್ಲಿ. ಅಪ್ಪ ಅಮ್ಮ ತಮ್ಮೊಳಗೆ ತುಳು, ನಮ್ಮೊಂದಿಗೆ ಉಡುಪಿ ಕಡೆಯ ಕನ್ನಡ. ಇವಳಿಗೆ ಸ್ಕೂಲಿನದು ತಮಿಳು. ಅವಳ ಒಂದು ವಾಕ್ಯದಲ್ಲಿ ಕರ್ತೃ ಕನ್ನಡದ್ದು, ಕರ್ಮ ತಮಿಳಿಂದು, ಕ್ರಿಯಾಪದ ಇಂಗ್ಲಿಷಿಂದು. ಮೂವರೂ ಜಗಳವಾಡದೆ ಇರುತ್ತಿದ್ದರು. ಮಾಂಬಲಂನಲ್ಲಿ ನಲವತ್ತು ದಾಟಿದ ಹೆಂಗಸರೆಲ್ಲ ಮಾಮಿಯರೇ ಆದ್ದರಿಂದ ಅವಳಿಗೆ ನಾನೂ ಮಾಮಿ.

ಅವಳು ಹೋಟೆಲ್ ಮ್ಯಾನೇಜ್‌ಮೆಂಟ್ ಸೇರುತ್ತೇನೆ ಅಂದಾಗ ತಾಯಿ ಬೇಬಿ ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಬಿಟ್ಟದ್ದನ್ನೆಲ್ಲ ಬಡ್ಡಿ ಸಮೇತ ಆಡಿದರು. "ನಿನ್ನ ಅಪ್ಪ ಹೋಟೆಲಲ್ಲಿ ಬೆಂದದ್ದು ಸಾಲದಾ? ಅವರು ಸಂಬಳ ತಕ್ಕೊಂಡು ಬೆಂದರು, ನೀನು ಫೀಸು ಕಟ್ಟಿ ಬೇಯ್ತೇನೆ ಅಂತೀಯಲ್ಲ ಮಾರಾಯ್ತಿ!"

ಕಾಲೇಜಿನ ಕೊನೆಯ ಆರು ತಿಂಗಳು ಎಲ್ಲರೂ ಎಲ್ಲಾದರೂ ಕೆಲಸ ಮಾಡಿ ಬರಬೇಕು. ಹೆಚ್ಚಿನವರು ಊರಿನ ಸ್ಟಾರ್ ಹೋಟೆಲುಗಳಿಗೆ ಹೋಗುತ್ತಾರೆ. ಕೆಲವರು ಏಜೆಂಟರನ್ನು ಹಿಡಿದು ಹೊರದೇಶಕ್ಕೆ. ಇವಳಿಗೆ ಹೊರದೇಶವೇ ಬೇಕು, ಏಜೆಂಟ್ ಬೇಡ. ಸರಿ, ಮೇಲ್ ಬರೆಯಲು ಕೂತಳು. ಮೊದಲನೆಯದನ್ನು ತಿದ್ದಲು ನನ್ನ ಬಳಿ ತಂದಾಗ ನೋಡುತ್ತೇನೆ: ಸನ್ಮಾನ್ಯರೇ, ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಂಬುದರ ಇಂಗ್ಲಿಷು.

"ಇದು ಕೆಲಸದ ಅರ್ಜಿಯೋ, ರಜೆ ಚೀಟಿಯೋ?" ಅಂದೆ.

"ಸ್ಕೂಲಲ್ಲಿ ಕಲ್ಸಿದ್ದು ಒಂದೇ ಲೆಟರು ಮಾಮಿ. ಜ್ವರ ಬಂದ್ರೂ ಅದೇ, ಪಾಟ್ಟಿ ಸತ್ರೂ ಅದೇ."

ಕಾನ್ವೆಂಟಿನ ಸಿಸ್ಟರುಗಳು ಸ್ಕೇಲಿನಿಂದ ಹೊಡೆದು ಕಲಿಸಿದ ಇಂಗ್ಲಿಷು ಕೊನೆಗೂ ಒಬ್ಬರ ಕೆಲಸಕ್ಕೆ ಬಂತಲ್ಲ ಎಂದು ನಾನೂ ಜೊತೆಗೆ ಕೂತೆ. ಆದರೆ ಮಾಲ್ಟಾ ಮಾತಾಡಲಿಲ್ಲ. ಮಾರಿಷಸ್ಸು ಮೋರೆ ತೋರಿಸಲಿಲ್ಲ. ಪೋರ್ಚುಗಲ್ಲು ಕಲ್ಲಾಗಿ ಕೂತಿತು. ಅಷ್ಟರಲ್ಲಿ ನಾರ್ವೆಯಿಂದ ಇಂಗ್ರಿಡ್ ತಾನೇ ಬರೆದಳು. ಹೋಟೆಲು ಚಿಕ್ಕದು, ವಿದ್ಯಾರ್ಥಿಗೆ ಇರುವುದು ಒಂದೇ ಜಾಗ, ಬಾ ಮಾತಾಡೋಣ.

"ನಾರ್ವೆಯಂತೆ," ಅಂದರು ಬೇಬಿ. "ಹೆಸರಲ್ಲೇ ನಾತ ಉಂಟು. ಮೀನು ತೊಳೀಲಿಕ್ಕೆ ಕರೀತಿದ್ದಾರೆ ನಿನ್ನನ್ನು."

"ಅಮ್ಮಾ, ನಂದು ಬ್ರೆಡ್ಡು, ಸೂಪು, ತರಕಾರಿ ಸೆಕ್ಷನ್. ಮೀನನ್ನ ಬೇರೆಯವ್ರು ನೋಡ್ಕೊತಾರೆ."

"ನೋಡಿಕೊಳ್ಳಿಕ್ಕೆ ಅದೆಂತ ತೊಟ್ಟಿಲ ಮಗುವಾ?"

ಅವಳಿಗೆ ಅಷ್ಟೊಂದು ಆಸೆ ಹುಟ್ಟಿಸಿದ್ದು ನಾರ್ವೆಯ ಹಿಮವಲ್ಲ, ಹಣವೂ ಅಲ್ಲ. ಆ ಹೋಟೆಲಿನ ಅಡಿಗೆಮನೆಯ ಒಂದು ಫೋಟೋವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳು. ಅದನ್ನು ನನಗೆ ಎಷ್ಟು ಸಲ ತೋರಿಸಿದಳೋ ಅಷ್ಟೂ ಸಲ ಮೊದಲ ಸಲ ತೋರಿಸುವವಳ ಹಾಗೆ ತೋರಿಸಿದಳು. "ಮಾಮಿ, ಇಲ್ನೋಡಿ. ಕಿಚನ್ನಿಗೆ ಕಿಟಕಿ! ಇಷ್ಟು ದೊಡ್ಡದು! ಒಲೆ ಮುಂದೆ ನಿಂತ್ರೆ ನೀರು ಕಾಣ್ಸತ್ತೆ."

ನಮ್ಮ ಬೀದಿಯ ಹೋಟೆಲಿನ ಅಡಿಗೆಮನೆಯನ್ನು ನೀವು ನೋಡಿದ್ದರೆ ಇದು ಅರ್ಥವಾಗುತ್ತದೆ. ಅಲ್ಲಿ ಒಲೆಯ ಮುಂದೆ ನಿಂತರೆ ಕಾಣುವುದು ಗೋಡೆ. ಗೋಡೆಯ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ಎಕ್ಸಾಸ್ಟ್ ಫ್ಯಾನು, ಅದರ ರೆಕ್ಕೆಗಳ ಸಂದಿಯಲ್ಲಿ ಮಿಣುಕುವ ಒಂದಿಷ್ಟು ವೆಸ್ಟ್ ಮಾಂಬಲಂ. ಅವಳಪ್ಪ ಇಪ್ಪತ್ತೆಂಟು ವರ್ಷ ಆ ಗೋಡೆಯನ್ನು ನೋಡಿದ್ದಾರೆ. ಪಕ್ಕದಲ್ಲಿ ನಿಂತು ಅವಳೂ ನೋಡಿದ್ದಾಳೆ.

ಯಾಕೆ ನಿಂತಿದ್ದಳು ಅನ್ನುವುದು ನನಗೆ ತಿಳಿದದ್ದು ಹೋದ ವರ್ಷ. ಕಾಲೇಜಿನವರು ಅವಳನ್ನು ಎರಡು ದಿನ ಪಾಂಡಿಚೇರಿಗೆ ಕರೆದುಕೊಂಡು ಹೋಗಿದ್ದರು. ಆವತ್ತು ಬೆಳಿಗ್ಗೆ ನಮ್ಮ ಮನೆಗೆ ಕ್ಯಾರಿಯರಿನಲ್ಲಿ ಬಂದ ಸಾಂಬಾರಿಗೆ ಉಪ್ಪೇ ಇಲ್ಲ. ನಾನು ಕೆಳಗಿಳಿದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಏನು ಭಟ್ರೇ, ಇವತ್ತು ಉಪ್ಪಿನ ಸತ್ಯಾಗ್ರಹವೋ?" ಅಂದೆ. ಮಾಮೂಲಾಗಿ ನನ್ನ ಜೋಕಿಗೆ ಅವರದ್ದೊಂದು ಒಗ್ಗರಣೆ ಇರುತ್ತಿತ್ತು. ಆವತ್ತು ಮುಖ ಬಿಳಿಚಿತು. "ಹೌದಾ ಅಮ್ಮ? ಇಲ್ವಾ ಉಪ್ಪು?" ಅಂದರು, ಸತ್ಯವಾಗಿಯೂ ಗೊತ್ತಿಲ್ಲದವರ ಹಾಗೆ. ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಹುಡುಗಿ ವಾಪಸು ಬಂದಳು, ಸಾಂಬಾರಿನ ರುಚಿಯೂ ವಾಪಸು ಬಂತು.

"ಮಾಮಿ, ಯಾರ ಹತ್ರನೂ ಹೇಳ್ಬೇಡಿ, ಪ್ಲೀಸ್," ಎಂದು ಅವಳೇ ಬಂದು ಹೇಳಿದಳು. ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪನಿಗೆ ಜ್ವರ ಬಂದಿತ್ತಲ್ಲ? ಜ್ವರ ಬಿಟ್ಟಿತು, ಬಿಡುವಾಗ ಮೂಗನ್ನು ಕೊಂಡುಹೋಯಿತು. ಅವತ್ತಿನಿಂದ ಇವತ್ತಿನವರೆಗೆ ರಘುರಾಮ ಭಟ್ಟರಿಗೆ ಯಾವ ವಾಸನೆಯೂ ತಿಳಿಯದು. ಇಂಗು ಹೊತ್ತಿದರೂ ಗೊತ್ತಾಗದು, ಹಾಲು ಹೊತ್ತಿದರೂ ಗೊತ್ತಾಗದು.

ಬೇರೆ ಅಡಿಗೆಯವರಾದರೆ ಒಂದು ಸೌಟು ಕೈಗೆ ಹಾಕಿಕೊಂಡು ನೆಕ್ಕಿ ನೋಡುತ್ತಿದ್ದರು. ಭಟ್ಟರು ಕಲಿತು ಬಂದ ಅಡಿಗೆಯಲ್ಲಿ ಅದಿಲ್ಲ. ದೇವರಿಗೆ ನೈವೇದ್ಯ ಆಗುವ ಮುಂಚೆ ಅಡಿಗೆಯನ್ನು ನಾಲಗೆಗೆ ಮುಟ್ಟಿಸಬಾರದು. ಹೋಟೆಲಿನ ಒಲೆಯ ಮೇಲೂ ಒಂದು ಕೃಷ್ಣನ ಪಟವಿದೆ. ಮೊದಲ ಸೌಟು ಅದರ ಮುಂದೆ, ಎರಡನೆಯದೇ ಗಿರಾಕಿಗೆ. ಅಲ್ಲಿಯವರೆಗೆ ಉಪ್ಪು ಹುಳಿ ಖಾರ ಎಲ್ಲವನ್ನೂ ಮೂಗಿನಿಂದಲೇ ಹಿಡಿಯಬೇಕು. ಉಪ್ಪಿಗೆಲ್ಲಿಯ ವಾಸನೆ ಎಂದು ನಾನು ವಾದಿಸಿದೆ. ಉಪ್ಪಿಗಿಲ್ಲವಂತೆ, ಉಪ್ಪು ಬಿದ್ದ ಹುಣಿಸೆಹುಳಿಗೆ ಇದೆಯಂತೆ.

"ನೈವೇದ್ಯ ಆದ ಮೇಲಾದರೂ ರುಚಿ ನೋಡಿ ಸರಿ ಮಾಡಬಹುದಲ್ಲ ಭಟ್ರೇ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ಹಾಗೆ ಮಾಡಿದ್ರೆ ಎಂತಾಯ್ತು ಅಮ್ಮ? ದೇವರಿಗೆ ಸಪ್ಪೆ ಬಡಿಸಿ ಗಿರಾಕಿಗೆ ಸರಿ ಮಾಡಿದ ಹಾಗಾಗ್ಲಿಲ್ವಾ?"

ಹಾಗಾಗಿ ದಿನಾ ಬೆಳಗಿನ ಜಾವ, ಕಾಲೇಜಿಗೆ ಹೊರಡುವ ಮುಂಚೆ, ಮಗಳು ಕೆಳಗಿಳಿದು ಕೊಪ್ಪರಿಗೆಯ ಪಕ್ಕ ನಿಲ್ಲುತ್ತಿದ್ದಳು. ಬಗ್ಗಿ ಆವಿಯನ್ನು ಅಂಗೈಯಿಂದ ಮುಖದ ಕಡೆ ಎಳೆದುಕೊಂಡು, ಸಾಲದಿದ್ದರೆ ಎಡಗೈ ಬೆರಳು ಎತ್ತುತ್ತಿದ್ದಳು, ಸಾಕಾದರೆ ಮಡಚುತ್ತಿದ್ದಳು. ಅಪ್ಪ ಮುಷ್ಟಿಯಿಂದ ಉಪ್ಪು ಬಿಡುತ್ತಿದ್ದರು. "ಹೆಣ್ಣಾದ್ರೂ ಅಪ್ಪನ ಕೆಲಸ ಕಲೀತಾಳೆ ನೋಡಿ," ಎಂದು ಧಣಿಗಳು ಮೆಚ್ಚಿಕೊಳ್ಳುತ್ತಿದ್ದರು. ಧಣಿಗಳ ಮಗ ಮಾತ್ರ, ಎಲ್ಲೋ ದೊಡ್ಡ ಕಾರ್ಖಾನೆಯಿಂದ ಡ್ರಮ್ಮುಗಳಲ್ಲಿ ಸಾಂಬಾರು ತರಿಸಿದರೆ ಈ ಮಾಸ್ಟರುಗಳ ಕಿರಿಕಿರಿಯೇ ಇಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದ. ಮಾಸ್ಟರಿಗೆ ಮೂಗಿಲ್ಲ ಎಂದು ಅವನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ ತಾರಸಿಯ ಕೋಣೆಯೂ ಹೋಗುತ್ತದೆ.

ಹೀಗಿರುವಾಗ ಮೂಗು ನಾರ್ವೆಗೆ ಹೊರಟರೆ ಹೇಗೆ?

ಅವಳು ಅದಕ್ಕೂ ದಾರಿ ಹುಡುಕಿದ್ದಳು. ಒಂದು ಸ್ಟೀಲ್ ಲೋಟ ತಂದು, ಅದರೊಳಗೆ ಕೆಂಪು ನೈಲ್ ಪಾಲಿಶ್‌ನಲ್ಲಿ ಗೆರೆ ಎಳೆದಳು. ದೊಡ್ಡ ಕೊಪ್ಪರಿಗೆಗೆ ಮೇಲಿನ ಗೆರೆವರೆಗೆ ಉಪ್ಪು, ಚಿಕ್ಕದಕ್ಕೆ ಕೆಳಗಿನ ಗೆರೆವರೆಗೆ. ಭಟ್ಟರು ಅದನ್ನು ಕೈಯಲ್ಲೂ ಹಿಡಿಯಲಿಲ್ಲ. "ಅಳತೆ ಹಾಕಿ ಮಾಡುದು ಕಷಾಯ. ಅಡಿಗೆ ಅಲ್ಲ."

ಆದರೆ ಮೇಜಿನ ಕೆಳಗೆ ಕೂತು ಕೇಳಿಸಿಕೊಂಡ ಆ ಇಂಟರ್‌ವ್ಯೂ ಅವರಲ್ಲಿ ಏನೋ ಮಾಡಿತು. ಮಾತು ಅರ್ಥವಾಗಿರಲಿಲ್ಲ. ಮಗಳು ನಕ್ಕದ್ದು ಕೇಳಿಸಿತ್ತು. ಒಂದು ವಾರ ಬಿಟ್ಟು ನಾನು ಹೋಟೆಲಿನ ಹಿಂಬಾಗಿಲಲ್ಲಿ ಹಾದುಹೋಗುವಾಗ, ಭಟ್ಟರು ಬೆಳಕಿಗೆ ಹಿಡಿದು ಲೋಟದೊಳಗಿನ ಗೆರೆಯನ್ನು ನೋಡುತ್ತಿದ್ದರು, ಸೂಜಿಗೆ ದಾರ ಪೋಣಿಸುವವರ ಹಾಗೆ ಒಂದು ಕಣ್ಣು ಮುಚ್ಚಿ. ನನ್ನನ್ನು ಕಂಡು ನಾಚಿಕೊಂಡರು. "ಹೋಗಿ ಬರ್ಲಿ ಅಮ್ಮ. ಆರು ತಿಂಗಳು ಕಷಾಯ ಮಾಡಿದ್ರೆ ಯಾರೂ ಸಾಯುದಿಲ್ಲ."

ಎಲ್ಲ ಸರಿಹೋಯಿತು ಅನ್ನುವಾಗ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಉಪೇಂದ್ರ ಎಂಬವರು ನಡುವೆ ಬಂದರು. ವಿದ್ಯಾರ್ಥಿ ಹೊರದೇಶಕ್ಕೆ ಹೋಗಬೇಕಾದರೆ ಕಾಲೇಜಿನ ಸಹಿ ಬೇಕು. ಸಹಿ ಕಾಲೇಜಿನದಾದರೆ ಜಾಗವೂ ಕಾಲೇಜಿನದೇ, ಜಾಗ ಕಾಲೇಜಿನದಾದರೆ ಎಲ್ಲರಿಗೂ ಅವಕಾಶ ಸಿಗಬೇಕು. ಇದು ಅವರ ನ್ಯಾಯ. ನಾಲ್ವರ ಹೆಸರನ್ನು ನಾರ್ವೆಗೆ ಕಳಿಸಿದರು. ಇಂಗ್ರಿಡ್ ಹೇಗೂ ರಜೆಗೆ ಕೇರಳಕ್ಕೆ ಬರುವವಳಿದ್ದಳು. ಚೆನ್ನೈಗೂ ಬಂದು, ಕೈಯಡಿಗೆ ನೋಡಿಯೇ ಆರಿಸುತ್ತೇನೆ ಅಂದಳಂತೆ.

"ನೀನು ಹುಡುಕಿದ ಜಾಗ ಕಣೇ ಅದು!" ಎಂದು ನಾನು ಕುದಿದೆ.

"ಸರ್ ಪ್ರಕಾರ ನಾನು ಪೋಸ್ಟ್‌ವುಮನ್ ಮಾತ್ರ ಮಾಮಿ," ಅಂದಳು. "ಪರವಾಯಿಲ್ಲ. ನಾನು ಮಾಡ್ತೀನಿ."

ಅವಳಿಗೆ ಭಯವಿರಲಿಲ್ಲ. ಕಾಲೇಜಿನ ಅಡಿಗೆಯ ರೀತಿಯೇ ಬೇರೆ. ಅಲ್ಲಿ ಮೊದಲ ಪಾಠವೇ ರುಚಿ ನೋಡುವುದು. ಕೋಟಿನ ತೋಳಿನ ಮೇಲೆ ಪೆನ್ನಿಡುವಂಥ ಜೇಬಿರುತ್ತದೆ, ಅದರಲ್ಲಿ ಮೂರು ಚಮಚ ಇಟ್ಟುಕೊಂಡು ಹೆಜ್ಜೆ ಹೆಜ್ಜೆಗೂ ರುಚಿ ನೋಡಬೇಕು. ಮೊದಲ ವರ್ಷ ಅದಕ್ಕಾಗಿ ಬೈಸಿಕೊಂಡು ಅತ್ತಿದ್ದಳು. ಆಮೇಲೆ ತಾನೇ ಒಂದು ಒಪ್ಪಂದ ಮಾಡಿಕೊಂಡಳು. "ಕಾಲೇಜ್ ಕಿಚನ್ನಲ್ಲಿ ಪಟ ಇಲ್ಲ ಮಾಮಿ. ಪಟ ಇಲ್ದಿದ್ರೆ ಟೇಸ್ಟ್ ಮಾಡ್ಬಹುದು." ಬೆಳಿಗ್ಗೆ ಮೂಗು, ಹಗಲು ನಾಲಗೆ. ಮೂರು ವರ್ಷ ಎರಡೂ ದೋಣಿಯಲ್ಲಿ ಕಾಲಿಟ್ಟು ಎಲ್ಲೂ ಬೀಳದೆ ನಡೆದಳು.

ಮೇ ತಿಂಗಳಲ್ಲಿ ಚೆನ್ನೈಗೆ ಬರುವವರು ಒಂದೋ ಮದುವೆಗೆ ಬಂದವರಾಗಿರಬೇಕು, ಇಲ್ಲವೇ ನಾರ್ವೆಯವರಾಗಿರಬೇಕು. ಅಗ್ನಿನಕ್ಷತ್ರದ ಬಿಸಿಲಿಗೆ ಇಂಗ್ರಿಡ್ ಬೀಟ್‌ರೂಟ್ ಆಗಿದ್ದಳು. ಭಟ್ಟರು ಹಲ್ಲುನೋವು ಎಂದು ಧಣಿಗಳಿಗೆ ಹೇಳಿ, ಆ ಜ್ವರದ ದಿನಗಳನ್ನು ಬಿಟ್ಟರೆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಮಧ್ಯಾಹ್ನದ ಊಟದ ಕೆಲಸ ತಪ್ಪಿಸಿ, ಇಸ್ತ್ರಿ ಶರ್ಟು, ಬಿಳಿ ಪಂಚೆ, ಕೊಡೆ ಸಮೇತ ಹೊರಟರು. ತಾಂಬರಂವರೆಗೆ ಎಲೆಕ್ಟ್ರಿಕ್ ಟ್ರೇನಿನಲ್ಲಿ, ಅಲ್ಲಿಂದ ಷೇರ್ ಆಟೋದಲ್ಲಿ ನಾನೂ ಜೊತೆಗೆ ಹೋದೆ. ಕಾಲೇಜಿನ ಅಡಿಗೆಮನೆಗೆ ಒಂದು ಕಡೆ ಪೂರ್ತಿ ಗಾಜಿನ ಗೋಡೆ. ಹೊರಗೆ ವರಾಂಡದಲ್ಲಿ ನಿಂತು ನೋಡಬಹುದು, ಮಾತು ಕೇಳಿಸುವುದಿಲ್ಲ. ನಾವಿಬ್ಬರೂ ಅಲ್ಲಿ ನಿಂತೆವು.

ನಾಲ್ವರೂ ಒಂದು ಗಡ್ಡೆಯ ಸೂಪು, ಒಂದು ಬ್ರೆಡ್ಡು ಮಾಡಬೇಕು. ಗಡ್ಡೆ ನಮ್ಮ ಕಡೆಯದ್ದಲ್ಲ.

"ಅದೆಂತ ಅಮ್ಮ, ಸುವರ್ಣಗಡ್ಡೆಯ ತಂಗಿಯ ಹಾಗೆ ಉಂಟು?" ಎಂದರು ಭಟ್ಟರು.

ಅಶ್ವಿತಾಳ ಪಕ್ಕದ ಒಲೆಯಲ್ಲಿ ಸಾಯಿ ಎಂಬ ಅವಳ ಸಹಪಾಠಿ. ಅವನು ಮಿನಿಟಿಗೊಮ್ಮೆ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ.

"ಆ ಮಾಣಿ ಬಡಿಸುವ ಮೊದಲೇ ಊಟ ಮುಗಿಸ್ತಾನೆ," ಎಂದು ಭಟ್ಟರು ನಕ್ಕರು.

ಅವರು ಹಾಗೆ ಹಗುರವಾಗಿ ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಮಗಳ ಬ್ರೆಡ್ಡು ಹೊಂಬಣ್ಣಕ್ಕೆ ಉಬ್ಬಿ ಬಂತು. ಇಂಗ್ರಿಡ್ ಅದನ್ನು ಬೆರಳಲ್ಲಿ ತಟ್ಟಿ ನೋಡಿ ತಲೆಯಾಡಿಸಿದಳು. ಸೂಪು ಕುದಿಯಿತು. ಅಶ್ವಿತಾ ಮಡಕೆಯ ಮೇಲೆ ಬಗ್ಗಿದಳು. ಅಂಗೈಯಿಂದ ಆವಿಯನ್ನು ಮುಖದ ಕಡೆ ಎಳೆದುಕೊಂಡಳು, ಒಂದು ಸಲ, ಇನ್ನೊಂದು ಸಲ. ಮುಷ್ಟಿಯಿಂದ ಉಪ್ಪು ಬಿಟ್ಟಳು. ಮತ್ತೆ ಬಗ್ಗಿದಳು. ಅವಳ ಎಡಗೈಯ ಬೆರಳು ತಾನಾಗಿ ಮಡಚಿಕೊಂಡಿತು. ಒಲೆ ಆರಿಸಿ, ಸೂಪನ್ನು ಬಟ್ಟಲಿಗೆ ಸುರಿದಳು.

ತೋಳಿನ ಜೇಬಿನಲ್ಲಿ ಮೂರೂ ಚಮಚಗಳು 'ನಾವಿದ್ದೇವೆ, ನಾವಿದ್ದೇವೆ' ಎಂದು ಟ್ಯೂಬ್‌ಲೈಟಿನಲ್ಲಿ ಹೊಳೆಯುತ್ತಿದ್ದವು. ನಾನು ಗಾಜು ತಟ್ಟಲು ಕೈ ಎತ್ತಿದೆ.

"ನೋಡಿದ್ರಾ ಅಮ್ಮ?" ಎಂದರು ಭಟ್ಟರು. "ನಾಲಗೆಗೆ ಮುಟ್ಟಿಸ್ಲಿಲ್ಲ. ಅಷ್ಟು ಜನರ ಎದುರೂ ಮುಟ್ಟಿಸ್ಲಿಲ್ಲ. ಬಂಗಾರ."

ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡೆ. ಅಷ್ಟು ಹೊತ್ತಿಗೆ ಬಟ್ಟಲು ಇಂಗ್ರಿಡ್‌ಳ ಮುಂದಿತ್ತು.

ಒಳಗೆ ನಡೆದ ಮಾತನ್ನು ಆಮೇಲೆ ಸಾಯಿಯೇ ಹೇಳಿದ. ಸೂಪಿಗೆ ಹಾಕಿದ ತರಕಾರಿ ರಸ ಪ್ಯಾಕೆಟ್ಟಿನದು, ಅದರಲ್ಲಿ ಉಪ್ಪು ಮೊದಲೇ ಇತ್ತು. ಆ ಗಡ್ಡೆಯ ಆವಿಯಾಗಲಿ ಆ ರಸದ ಆವಿಯಾಗಲಿ ಮಾಂಬಲಂ ಮೂಗಿಗೆ ಪರಿಚಯವಿರಲಿಲ್ಲ. ಉಪ್ಪು ಹೆಚ್ಚಾಗಿತ್ತು, ತೀರಾ ಅಲ್ಲ, ಸ್ವಲ್ಪ. ಇಂಗ್ರಿಡ್ ಚಮಚ ಕೆಳಗಿಟ್ಟು, "ನೀನು ಇದನ್ನು ರುಚಿ ನೋಡಿದೆಯಾ?" ಎಂದು ಕೇಳಿದಳಂತೆ. ಇವಳು ಇಲ್ಲ ಎಂದು ತಲೆಯಾಡಿಸಿದಳು. ಅದು ನಮಗೂ ಕಂಡಿತು. "ನಾಲ್ವರಲ್ಲಿ ನಿನ್ನ ಬ್ರೆಡ್ಡೇ ಚೆನ್ನಾಗಿದೆ, ನಿನ್ನ ಕೈಯೂ ಚೆನ್ನಾಗಿದೆ," ಅಂದಳಂತೆ ಇಂಗ್ರಿಡ್. "ಆದರೆ ರುಚಿ ನೋಡದೆ ಬಡಿಸುವವರನ್ನು ನನ್ನ ಒಲೆಯ ಮುಂದೆ ನಿಲ್ಲಿಸಲಾರೆ. ಬೇಕಾದರೆ ಬೇರೆ ಯಾವ ತಪ್ಪನ್ನಾದರೂ ತಿದ್ದುತ್ತಿದ್ದೆ." ಹೇಳುವಾಗ ಅವಳಿಗೂ ಬೇಸರವಾಗಿತ್ತು ಎಂದ ಸಾಯಿ. ಜಾಗ ಅವನಿಗೆ ಸಿಕ್ಕಿತ್ತು. ಪಾಪ, ಆ ಹುಡುಗ ಏನೋ ಕದ್ದವನ ಹಾಗೆ ನಿಂತು ಹೇಳಿದ.

ಅಶ್ವಿತಾ ಹೊರಗೆ ಬಂದು, "ಒಂದೇ ಸೀಟಪ್ಪ. ಸಾಯಿಗೆ ಕೊಟ್ರು," ಅಂದಳು, ಅಷ್ಟೇ. ಅಪ್ಪ ಅವಳ ಬೆನ್ನು ಸವರಿ, "ಹೋಗ್ಲಿ ಬಿಡು. ಅವರಿಗೆ ಗೊತ್ತಾಗುದಿಲ್ಲ ಇದೆಲ್ಲ," ಅಂದರು. ವಿಷಯ ಅಲ್ಲಿಗೇ ನಿಂತಿದ್ದರೆ ನಿಲ್ಲುತ್ತಿತ್ತು. ಹಿಂದೆಯೇ ಬಂದ ಉಪೇಂದ್ರ ನಿಲ್ಲಿಸಲಿಲ್ಲ.

"ಸಾರ್, ನಿಮ್ಮ ಮಗಳು ಟೇಸ್ಟೇ ನೋಡ್ಲಿಲ್ಲ! ಮೂರು ವರ್ಷ ನಾವು ಕಲ್ಸಿದ್ದು ಅದೊಂದೇ. ಅದೊಂದು ಮಾಡಿದ್ರೆ ಸೀಟು ಇವಳದ್ದೇ."

ಭಟ್ಟರು ಅವರನ್ನು ನೋಡಿದರು, ಮಗಳನ್ನು ನೋಡಿದರು. ಕೊಡೆಯನ್ನು ಬಿಚ್ಚಿದರು. ನಾವಿನ್ನೂ ವರಾಂಡದ ಒಳಗೇ ಇದ್ದೆವು.

ವಾಪಸು ಬರುವಾಗ ಟ್ರೇನಿನಲ್ಲಿ ಕಿಟಕಿ ಪಕ್ಕ ಅವಳು, ನಡುವೆ ನಾನು, ಈಚೆಗೆ ಅವರು. ಗಿಂಡಿ ಸ್ಟೇಷನ್ ದಾಟಿದ ಮೇಲೆ ಭಟ್ಟರು ಯಾರಿಗೂ ಅಲ್ಲದ ಹಾಗೆ, "ನಾನು ಬರ್ಬಾರದಿತ್ತು," ಅಂದರು.

ಆಮೇಲಿನದು ನಿಧಾನವಾಗಿ ನಡೆಯಿತು. ಮಗಳು ಬೇಕೆಂದೇ ರುಚಿ ನೋಡಲಿಲ್ಲ ಎಂದು ಭಟ್ಟರಿಗೆ ಖಾತ್ರಿಯಾಯಿತು. ಮೂರು ವರ್ಷ ದಿನಾ ಚಮಚ ಹಿಡಿದವಳು ಆ ಒಂದು ದಿನ ಬಿಡುವುದೆಂದರೇನು? ಮೂಗಿಲ್ಲದ ಅಪ್ಪನನ್ನು ಆರು ತಿಂಗಳು ಬಿಟ್ಟಿರಲಾರದೆ ಸೀಟು ಬಿಟ್ಟಳು. ಅವರು ಬೇಬಿಯವರಿಗೆ ಹೇಳಿದರು. ಬೇಬಿ ಮೂಗಿನ ವಿಷಯ ನುಂಗಿಕೊಂಡು ಉಳಿದದ್ದನ್ನು ಬೀದಿಗೆ ಹೇಳಿದರು: "ಅಪ್ಪ ಅಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ ನನ್ನ ಮಗಳಿಗೆ." ಹೂವಿನವಳು ಅವಳಿಗೆ ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಕೊಟ್ಟಳು. ತರಕಾರಿ ಅಂಗಡಿಯವನು ತನ್ನ ಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದ. ನಾನೂ ನಂಬಿದೆ. ನಂಬಲು ಚೆನ್ನಾಗಿತ್ತು.

ಆ ತ್ಯಾಗವನ್ನು ತಡೆದುಕೊಳ್ಳಲಾಗದವರು ಭಟ್ಟರೊಬ್ಬರೇ. ಒಂದು ದಿನ ಬೆಳಗಿನ ಜಾವ ಅವಳು ಎಂದಿನಂತೆ ಕೆಳಗಿಳಿದಾಗ, ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತು, "ನೀನು ಮಲಕ್ಕೋ ಹೋಗು. ಇನ್ನು ಬರುದು ಬೇಡ," ಅಂದರು. ಅವಳು ಏನೋ ಹೇಳಹೊರಟಳು. ಅವರು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಲೋಟದ ಗೆರೆ ನೋಡಿ ಉಪ್ಪು ಹಾಕತೊಡಗಿದರು. ಸಾಂಬಾರು ದಿನಾ ಒಂದೇ ಥರ ಬರತೊಡಗಿತು. ಹಿಂದೆ ಸೋಮವಾರದ ಹುಳಿಗೂ ಶುಕ್ರವಾರದ ಹುಳಿಗೂ ಇರುತ್ತಿದ್ದ ಬೇರೆ ಬೇರೆ ಗುಣ ಹೋಯಿತು. ಒಬ್ಬ ಗಿರಾಕಿಯೂ ದೂರಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ. ಇಪ್ಪತ್ತೆಂಟು ವರ್ಷದ ಕೈ ಹೋಗಿ ಲೋಟ ಬಂದದ್ದು ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂಬುದು ಗೊತ್ತಾದದ್ದು ಭಟ್ಟರಿಗೆ ಮಾತ್ರ.

ಅಶ್ವಿತಾಗೆ ಟಿ. ನಗರದ ಒಂದು ಬಿಸಿನೆಸ್ ಹೋಟೆಲಿನಲ್ಲಿ ತರಬೇತಿ ಕೊಡಿಸಿದರು ಉಪೇಂದ್ರ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ದಾಟಿ ರಂಗನಾಥನ್ ಬೀದಿಯ ಜನಜಂಗುಳಿಯಲ್ಲಿ ತೂರಿ ನಡೆದೇ ಹೋಗುತ್ತಾಳೆ. ಅಡಿಗೆಮನೆ ನೆಲಮಾಳಿಗೆಯಲ್ಲಿ. ಸಾಯಿ ಹೊರಡುವ ಮುಂಚೆ ಬಂದು, ಅವಳ ಬ್ರೆಡ್ಡಿನ ಹಿಟ್ಟು ಕಲಸುವ ಕ್ರಮ ಕೇಳಿದ. ಅವಳು ಎರಡು ಸಲ ಕಲಸಿ ತೋರಿಸಿದಳು.

ಮೊನ್ನೆ ಭಟ್ಟರು ನಮ್ಮ ಮನೆಗೆ ಬಂದರು. ಹೊಸಲಿನ ಹೊರಗೇ ನಿಂತು, ಏನೋ ಸಾಮಾನು ಮರೆತವರ ಹಾಗೆ ಜೇಬು ತಡಕಿಕೊಂಡು, ಆಮೇಲೆ ಅತ್ತುಬಿಟ್ಟರು. "ಮಗಳು ನನ್ನತ್ರ ಮಾತಾಡುದಿಲ್ಲ ಅಮ್ಮ. ಕೇಳಿದ್ದಕ್ಕೆ ಮಾತ್ರ ಹೂಂ ಹೇಳ್ತಾಳೆ. ಹಾಳು ಮೂಗಿಗೆ ಅವಳ ಕಾಲು ಕಟ್ಟಿಹಾಕಿಬಿಟ್ಟೆ ನಾನು. ನೀವೊಂದು ಮಾತು ಹೇಳಿ. ಅಪ್ಪನಿಗೆ ಗೊತ್ತುಂಟು, ಅವಳು ಎಂತ ಬಿಟ್ಟದ್ದು ಅಂತ ಅಪ್ಪನಿಗೆ ಗೊತ್ತುಂಟು ಅಂತ ಹೇಳಿ."

ಆ ಸಂಜೆ ನಾನು ತಾರಸಿ ಹತ್ತಿದೆ. ಅಶ್ವಿತಾ ಕೆಲಸ ಮುಗಿಸಿ ಬಂದು, ಒಗೆದ ಬಿಳಿ ಕೋಟನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಸ್ಟೇಷನ್ ಕಡೆಯಿಂದ ಟ್ರೇನು ಹಾದುಹೋಗುವ ಸದ್ದು. ಕೆಳಗೆ ಸಂಜೆಯ ವಡೆ ಎಣ್ಣೆಗೆ ಬೀಳುತ್ತಿತ್ತು. ನಾನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಅವಳಪ್ಪ ಹೇಳಿ ಕಳಿಸಿದ್ದನ್ನು ಹೇಳಿದೆ. ಬೀದಿಯೆಲ್ಲ ಅವಳನ್ನು ಹೊಗಳುವುದನ್ನು ಹೇಳಿದೆ. ಇಂಥದ್ದು ಎಲ್ಲರ ಕೈಲೂ ಆಗುವುದಿಲ್ಲ ಎಂದೆ. ಅವಳು ಕೋಟಿನ ತೋಳನ್ನು ಜಗ್ಗಿ ಸುಕ್ಕು ಬಿಡಿಸುತ್ತಿದ್ದಳು.

"ನನಗಾದರೂ ನಿಜ ಹೇಳೇ," ಅಂದೆ. "ಅಪ್ಪನ್ನ ಬಿಟ್ಟು ಹೋಗೋಕಾಗದೆ ಬೇಕೂಂತಲೇ ರುಚಿ ನೋಡ್ಲಿಲ್ಲ, ಅಲ್ವಾ?"

ಅವಳು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡಳು.

"ಇಲ್ಲ ಮಾಮಿ," ಅಂದಳು. "ಮರ್ತೋಯ್ತು."